ನಕ್ಷೆಯಲ್ಲಿ ಕೂತ ಅಕ್ಕ

ನಗರಸಭೆಯ ಉದ್ಯಾನ ವಿಭಾಗದಲ್ಲಿ ಸ್ಕೇಲಣ್ಣನ ಕೆಲಸ ಏನು ಎಂಬುದು ಅವನ ಹೆಂಡತಿಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡಿದ್ದವನು ಸ್ಕೇಲಣ್ಣನೇ. ಶರ್ಟಿನ ಜೇಬಿನಲ್ಲಿ ಸದಾ ಒಂದು ಪ್ಲಾಸ್ಟಿಕ್ ಸ್ಕೇಲು ಇಟ್ಟುಕೊಂಡು ಓಡಾಡುತ್ತಿದ್ದ. ಜೇಬಿನಲ್ಲಿ ಪೆನ್ನು ಇದ್ದವನಿಗೆ ಗುಮಾಸ್ತ ಅನ್ನುತ್ತಾರೆ, ಸ್ಕೇಲು ಇದ್ದವನಿಗೆ ಇಂಜಿನಿಯರ್ ಅನ್ನದೆ ಹೋಗುತ್ತಾರೆಯೇ ಎಂಬುದು ಅವನ ಲೆಕ್ಕಾಚಾರ. ಓಣಿಯವರು ಇಂಜಿನಿಯರ್ ಅನ್ನಲಿಲ್ಲ, ಸ್ಕೇಲಣ್ಣ ಅಂದರು. ಮುಕ್ಕಾಲು ದಾರಿ ಬಂದಿದ್ದಾರೆ, ಉಳಿದದ್ದೂ ಬರುತ್ತದೆ ಎಂದು ಅವನು ಕಾಯುತ್ತಿದ್ದ.

ಅಸಲು ಸಂಗತಿ ಇಷ್ಟೇ. ನಕ್ಷೆಯ ಕೋಣೆಯಲ್ಲಿ ಒಬ್ಬ ಗೆರೆ ಎಳೆಯುತ್ತಾನೆ, ಇನ್ನೊಬ್ಬ ಅಕ್ಷರ ಬರೆಯುತ್ತಾನೆ, ಮತ್ತೊಬ್ಬ ಮರ ಹಾಕುತ್ತಾನೆ. ಎಲ್ಲ ಮುಗಿದ ಮೇಲೆ ಹಾಳೆ ಸ್ಕೇಲಣ್ಣನ ಮೇಜಿಗೆ ಬರುತ್ತದೆ, ಅವನು ಮನುಷ್ಯರನ್ನು ಇಡುತ್ತಾನೆ. ಪಾರ್ಕಿನ ನಕ್ಷೆಯಲ್ಲಿ ಮನುಷ್ಯರು ಇರಲೇಬೇಕು. ಇಲ್ಲದಿದ್ದರೆ ಬೆಂಚು ಎಷ್ಟು ದೊಡ್ಡದು ಅಂತ ನೋಡಿದವರಿಗೆ ಗೊತ್ತಾಗುವುದಿಲ್ಲ, ಅದು ಮನುಷ್ಯ ಕೂರುವ ಬೆಂಚೋ ಆನೆ ಕೂರುವ ಬೆಂಚೋ ಎಂಬ ಅನುಮಾನ ಬರುತ್ತದೆ. ಹಾಗಾಗಿ ಕೊಡೆ ಹಿಡಿದ ಒಬ್ಬ ಗಂಡಸು, ಮಗುವಿನ ಕೈ ಹಿಡಿದ ಒಬ್ಬ ಹೆಂಗಸು, ಕೋಲೂರಿದ ಒಬ್ಬ ಮುದುಕ. ಆ ನಗರದ ಅಷ್ಟೂ ಪಾರ್ಕುಗಳಲ್ಲಿ ವರ್ಷಗಟ್ಟಲೆ ಓಡಾಡಿದವರು ಇವರೇ. ಮುಖ ಇರಲಿಲ್ಲ. ಮುಖ ಬರೆಯಬೇಕೆಂದು ಯಾರೂ ಹೇಳಿರಲಿಲ್ಲ, ಹೇಳದ ಕೆಲಸ ಮಾಡುವ ಚಾಳಿ ಆ ಕಚೇರಿಗೆ ಇರಲಿಲ್ಲ.

ಅವನು ವಾಸವಿದ್ದದ್ದು ರೈಲ್ವೆ ಗೋದಾಮಿನ ಹಿಂದಿನ ಓಣಿಯಲ್ಲಿ. ಮನೆಗಳು ಎಷ್ಟು ಒತ್ತೊತ್ತಾಗಿದ್ದವೆಂದರೆ ಒಬ್ಬರ ಮನೆಯಲ್ಲಿ ಸೀನಿದರೆ ಪಕ್ಕದ ಮನೆಯವರು ಮೂಗು ಒರೆಸಿಕೊಳ್ಳಬೇಕು. ಸೂರ್ಯ ಆ ಓಣಿಗೆ ಬರುತ್ತಿದ್ದ, ಆದರೆ ಒಳಗೆ ಬರುತ್ತಿರಲಿಲ್ಲ. ಉಸಿರಾಡಲು ಇದ್ದದ್ದು ಓಣಿಯ ತುದಿಯ ಒಂದೇ ಒಂದು ಖಾಲಿ ಜಾಗ. ಹಿಂದೆ ಅಲ್ಲಿ ರಸ್ತೆ ಅಗಲ ಮಾಡಲು ಕೆಡವಿದ ಮನೆಗಳ ಇಟ್ಟಿಗೆ, ಗಾರೆ ತಂದು ಸುರಿದಿದ್ದರು. ಅದರ ಮೇಲೆ ಕಸ, ಕಸದ ಮೇಲೆ ನಾಯಿ, ನಾಯಿಗಳ ನಡುವೆ ಮಕ್ಕಳು. ಅದಕ್ಕೆ ಎಲ್ಲರೂ ಗುಂಡಿ ಅನ್ನುತ್ತಿದ್ದರು.

ಗುಂಡಿಯ ಅಂಚಿನಲ್ಲಿ ಒಂದು ತಗಡಿನ ಗೂಡು. ಅದು ಅಕ್ಕನ ಅಂಗಡಿ. ಸ್ಕೇಲಣ್ಣನ ಸ್ವಂತ ಅಕ್ಕ. ಬ್ಯಾಗು, ಕೊಡೆ, ಸೂಟ್‌ಕೇಸು ರಿಪೇರಿ ಮಾಡುವವಳು. ಜಿಪ್ಪು ಕಿತ್ತುಹೋದರೆ, ಹಿಡಿ ಹರಿದರೆ, ಕೊಡೆಯ ಕಡ್ಡಿ ಮುರಿದರೆ ಅರ್ಧ ನಗರ ಅವಳ ಹತ್ತಿರ ಬರುತ್ತಿತ್ತು. ತಾಯಿ ಇಲ್ಲದ ತಮ್ಮನನ್ನು ಸಾಕಿ, ನಕ್ಷೆ ಬರೆಯುವ ಶಾಲೆಗೆ ಸೇರಿಸಿದ್ದು ಅವಳ ಸೂಜಿ. ಗಂಡ ಬಿಟ್ಟುಹೋದ ಮೇಲೆ ಅವಳಿಗೆ ಇದ್ದದ್ದು ಆ ಗೂಡು, ಒಂದು ಸ್ಟೂಲು, ಮೇಣ ಹಚ್ಚಿದ ದಾರದ ಉಂಡೆ, ಜಿಪ್ಪಿನ ರನ್ನರುಗಳನ್ನು ತುಂಬಿಟ್ಟ ಬಿಸ್ಕತ್ತಿನ ಡಬ್ಬಿ. ಕೈ ಸುಮ್ಮನೆ ಇಟ್ಟುಕೊಂಡು ಕೂತ ಅಕ್ಕನನ್ನು ಯಾರೂ ನೋಡಿರಲಿಲ್ಲ. ಮಾತಾಡುವಾಗಲೂ ಹೊಲಿಯುತ್ತಿದ್ದಳು, ಅಳುವಾಗಲೂ ಹೊಲಿಯುತ್ತಿದ್ದಳು.

ಗುಂಡಿಯಲ್ಲಿ ಪಾರ್ಕು ಮಾಡುತ್ತಾರೆ ಎಂಬ ಸುದ್ದಿ ಬಂದಾಗ ಎಲ್ಲರಿಗಿಂತ ಮೊದಲು ಹೆದರಿದವಳು ಅಕ್ಕ.

"ನನ್ನ ಗೂಡು ಏನಾಗುತ್ತೋ?"

"ಏನೂ ಆಗಲ್ಲ ಅಕ್ಕಾ," ಎಂದ ಸ್ಕೇಲಣ್ಣ. "ಸರ್ವೆಯವರು ಬಂದು ಹೋದ್ರಲ್ಲ, ನಕ್ಷೇಲಿ ನಿನ್ನ ಅಂಗಡೀನ ಚುಕ್ಕಿಗೆರೆಯಲ್ಲಿ ಗುರುತು ಹಾಕಿದ್ದಾರೆ. ಚುಕ್ಕಿ ಬಿದ್ದಿದ್ದನ್ನ ಯಾರೂ ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ಬೇರೆ ಜಾಗ ಕೊಡ್ಬೇಕು. ಗೇಟಿನ ಪಕ್ಕದಲ್ಲೇ ಕೊಡ್ತಾರೆ ನೋಡ್ತಿರು."

ಇದು ನಿಜವೇ ಆಗಿತ್ತು. ಇದಾದ ಮೇಲೆ ಸ್ಕೇಲಣ್ಣ ಇನ್ನೊಂದು ನೇರವಾದ ನಿಜ ಹೇಳಲು ಬಹಳ ದಿನ ಹಿಡಿಯಿತು.

ಎಡವಟ್ಟು ಶುರುವಾದದ್ದು ಕಟಿಂಗ್ ಶಾಪಿನಲ್ಲಿ. ಓಣಿಯ ಕ್ಷೌರಿಕ ಕತ್ತರಿಗಿಂತ ನಾಲಿಗೆ ಹೆಚ್ಚು ಆಡಿಸುವವನು. ಆ ಭಾನುವಾರ ಅವನು ತನ್ನ ಅಳಿಯ ಒಂದು ದೊಡ್ಡ ಆಸ್ಪತ್ರೆಯನ್ನೇ ನಡೆಸುತ್ತಾನೆ ಎಂದು ಕೊಚ್ಚಿಕೊಳ್ಳುತ್ತಿದ್ದ. ಅಳಿಯ ಅಲ್ಲಿ ಲಿಫ್ಟು ನಡೆಸುತ್ತಿದ್ದ, ಅದು ಬೇರೆ ಮಾತು. ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು, ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತ ಮನುಷ್ಯನಿಗೆ ಸೋಲುವುದು ಸುಲಭವಲ್ಲ. ಸ್ಕೇಲಣ್ಣನ ಬಾಯಿಂದ ಮಾತು ಜಾರಿತು.

"ಗುಂಡಿ ಪಾರ್ಕು ಇದೆಯಲ್ಲ, ಅದರ ಡಿಸೈನು ನಂದೇ."

ರೇಜರ್ ನಿಂತಿತು. ಕ್ಷೌರಿಕ ಕನ್ನಡಿಯಲ್ಲಿ ಅವನ ಮುಖ ನೋಡಿದ.

"ನಿಂದು ಅಂದ್ರೆ?"

"ಅಂದ್ರೆ ನಂದೇ. ಯಾರು ಎಲ್ಲಿ ಕೂರ್ಬೇಕು, ಯಾರು ಎಲ್ಲಿ ನಿಲ್ಬೇಕು, ಎಲ್ಲಾ ನಾನೇ ತೀರ್ಮಾನ ಮಾಡೋದು."

ಯಾರು ಎಲ್ಲಿ ಕೂರಬೇಕು ಎಂಬ ಮಾತಿನಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಸುಳ್ಳು ಹೇಳುವವನಿಗೆ ಮಹಾ ಅಪಾಯ ಅಂದರೆ ನಿಜವನ್ನೇ ಬಳಸಿ ಸುಳ್ಳು ಹೇಳುವುದು.

"ಹಂಗಾದ್ರೆ ನನ್ನನ್ನ ಒಂದು ಒಳ್ಳೇ ಬೆಂಚಿನ ಮೇಲೆ ಕೂರ್ಸು ನೋಡೋಣ," ಎಂದ ಕ್ಷೌರಿಕ. ನಂಬದೆ ಕೇಳಿದ ಮಾತು ಅದು.

ಮರುದಿನ ಕಚೇರಿಯಲ್ಲಿ ಗುಂಡಿ ಪಾರ್ಕಿನ ಹಾಳೆ ಮೇಜಿಗೆ ಬಂದಾಗ ಸ್ಕೇಲಣ್ಣ ಬಾಗಿಲ ಕಡೆ ಒಮ್ಮೆ ನೋಡಿದ. ಮೇಲಿನಿಂದ ಓರೆಯಾಗಿ ನೋಡಿದ ಹಾಗೆ ಬರೆದ ದೊಡ್ಡ ಹಾಳೆ. ಗೇಟಿನ ಹತ್ತಿರದ ಬೆಂಚಿನ ಮೇಲೆ ಕೊಡೆ ಹಿಡಿದ ಗಂಡಸಿನ ಬದಲು, ಕಾಲ ಮೇಲೆ ಕಾಲು ಹಾಕಿಕೊಂಡು ಪೇಪರ್ ಓದುವ ಕ್ಷೌರಿಕನನ್ನು ಕೂರಿಸಿದ. ದಪ್ಪ ಮೀಸೆ, ಬೋಳು ನೆತ್ತಿ, ಎಲ್ಲ ಬಂತು. ಬರೆದದ್ದು ನೋಡಿ ಅವನಿಗೇ ಆಶ್ಚರ್ಯವಾಯಿತು. ತನ್ನ ಕೈಗೆ ಮುಖ ಬರೆಯಲು ಬರುತ್ತದೆ ಎಂದು ಅವನಿಗೆ ಅದುವರೆಗೆ ಗೊತ್ತಿರಲಿಲ್ಲ. ಒಂದು ನಕಲು ತೆಗೆದು, ಸುರುಳಿ ಸುತ್ತಿ, ಸಂಜೆ ಕಟಿಂಗ್ ಶಾಪಿಗೆ ಹೋಗಿ ಬಿಚ್ಚಿದ.

ಕ್ಷೌರಿಕ ತನ್ನ ಮೀಸೆ ಮುಟ್ಟಿ ನೋಡಿಕೊಂಡ. ಆಮೇಲೆ ಅದನ್ನು ಕನ್ನಡಿಯ ಪಕ್ಕ ಅಂಟಿಸಿದ.

"ನೀನೆಲ್ಲಿ ಇದ್ರಲ್ಲಿ?" ಎಂದು ಕೇಳಿದ.

"ಬರೆಯೋನು ತನ್ನನ್ನ ತಾನು ಹಾಕ್ಕೊಳ್ಳೋ ಹಾಗಿಲ್ಲ. ಅದು ನಿಯಮ." ಆ ನಿಯಮ ಹುಟ್ಟಿದ್ದು ಆ ಕ್ಷಣದಲ್ಲಿ, ಅವನ ಬಾಯಲ್ಲಿ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಕಡೆಯೂ ಇರುತ್ತಾರೆ. ಆದರೆ ಈ ಓಣಿಯವರನ್ನು ಹಾಗೆ ತಮಾಷೆ ಮಾಡುವುದು ತಪ್ಪು. ಅವರಿಗೆ ನಕ್ಷೆ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿತ್ತು. ರಸ್ತೆ ಅಗಲ ಮಾಡಿದಾಗ ಒಬ್ಬ ಸಾಹೇಬ ಹಾಳೆ ಹಿಡಿದುಕೊಂಡು ಬಂದಿದ್ದ. ಹಾಳೆಯಲ್ಲಿದ್ದ ಗೋಡೆ ಉಳಿಯಿತು, ಇಲ್ಲದ ಗೋಡೆ ಬಿತ್ತು. ಅಳುತ್ತಾ ಬಂದವರಿಗೆಲ್ಲ ಅವನು ಒಂದೇ ಮಾತು ಹೇಳಿದ್ದ: "ನಕ್ಷೇಲಿಲ್ಲ, ನಾನೇನು ಮಾಡ್ಲಿ?" ಅಂದಿನಿಂದ ಓಣಿಯವರಿಗೆ ದೇವರ ಮೇಲೆ ಎಷ್ಟು ಭಯವೋ ಹಾಳೆಯ ಮೇಲೂ ಅಷ್ಟೇ ಭಯ. ಈಗ ಕ್ಷೌರಿಕ ನಕ್ಷೆಯಲ್ಲಿದ್ದಾನೆ. ಅಂದರೆ ಕ್ಷೌರಿಕ ಉಳಿದ. ನಮ್ಮ ಗತಿ ಏನು?

ಮರುದಿನ ಸಂಜೆಯಾಗುವಷ್ಟರಲ್ಲಿ ಸ್ಕೇಲಣ್ಣನ ಮನೆಯ ಮುಂದೆ ಸಾಲು. ಹೆಂಡತಿ ಬಾಗಿಲು ತೆಗೆದವಳು ಯಾರೋ ಹೋಗಿಬಿಟ್ಟರೇನೋ ಅಂತ ಎದೆ ಹಿಡಿದುಕೊಂಡಳು.

ಮೊದಲು ಬಂದವಳು ಮೇಲ್ಮನೆಯವಳು. "ನನ್ನನ್ನ ಹಾಕಿ. ಆದ್ರೆ ಕೆಳಮನೆಯವಳ ಹತ್ರ ಹಾಕ್ಬೇಡಿ. ಪಾರ್ಕಲ್ಲಾದ್ರೂ ನೆಮ್ಮದಿಯಾಗಿ ಇರ್ಬೇಕು ನಾನು." ಅವಳ ಹಿಂದೆಯೇ ನಿಂತಿದ್ದ ಕೆಳಮನೆಯವಳು, "ಪಾತ್ರೆ ತೊಳೆದ ನೀರು ನನ್ನ ತಲೆ ಮೇಲೆ ಸುರಿಯೋಳಿಗೆ ನೆಮ್ಮದಿ ಬೇರೆ ಕೇಡು," ಎಂದಳು. ಇಬ್ಬರಿಗೂ ನೆರಳಿನ ಬೆಂಚೇ ಬೇಕು, ನೆರಳಿನ ಬೆಂಚು ಇದ್ದದ್ದು ಒಂದೇ. ಕೊನೆಗೆ ಸ್ಕೇಲಣ್ಣ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಬೆನ್ನಿಗೆ ಬೆನ್ನು ಹಾಕಿ ಕೂರಿಸಿದ. ಇಬ್ಬರೂ ಒಪ್ಪಿದರು. ಒಬ್ಬರ ಮುಖ ಒಬ್ಬರು ನೋಡುವ ಹಾಗಿಲ್ಲವಲ್ಲ.

ಆಮೇಲೆ ಬಂದವನು ಕಂಡಕ್ಟರ್ ತಾತ. ಬಸ್ಸಿನಲ್ಲಿ ಟಿಕೆಟ್ ಹರಿದು ಹರಿದು ಹೆಬ್ಬೆರಳು ಸೊಟ್ಟಗಾಗಿದ್ದ ಮುದುಕ.

"ನನ್ನನ್ನ ಹಾಕು. ನನ್ನ ಪಕ್ಕ ಅವಳನ್ನೂ ಹಾಕು."

ಸ್ಕೇಲಣ್ಣ ಪೆನ್ಸಿಲ್ ಕೆಳಗಿಟ್ಟ. "ತಾತಾ, ಅಜ್ಜಿ ಹೋಗ್ಬಿಟ್ರಲ್ಲ."

"ಹೋದ್ಲು. ಅದ್ಕೇ ಹೇಳ್ತಿರೋದು. ನಮ್ಮ ಅಡಿಗೆಮನೆ ನಕ್ಷೇಲಿ ಇರ್ಲಿಲ್ಲ, ಹೋಯ್ತು. ಅದು ಹೋದ್ಮೇಲೆ ಅವಳು ಹೊರಗಡೆ ಚಳೀಲಿ ಒಲೆ ಇಟ್ಕೊಂಡ್ಲು, ಎದೆಗೆ ಕಫ ಕಟ್ಕೊಂಡು ಅವಳೂ ಹೋದ್ಲು. ಈ ಸಲ ನಕ್ಷೇಲಿ ಇರ್ಲಿ."

ತಾತ ಅಜ್ಜಿಯ ಫೋಟೋ ತೋರಿಸಿದ, ಸ್ಕೇಲಣ್ಣ ನೋಡಿ ಬರೆದ. ಎಡಗಡೆ ಕೂರಿಸು, ಎಡಗಿವಿ ಅವಳಿಗೆ ಕೇಳಿಸ್ತಿರಲಿಲ್ಲ ಎಂದು ತಾತ ತಿದ್ದಿದ. ಎಡಗಡೆಗೆ ಬದಲಾಯಿಸಿದ.

ಹೀಗೆ ದಿನವೂ ಕಚೇರಿಗೆ ಪಟ್ಟಿ ಹೋಗುತ್ತಿತ್ತು, ದಿನವೂ ಪಾರ್ಕು ತುಂಬುತ್ತಿತ್ತು. ಜನರಿಗೆ ಜಾಗ ಸಾಲದೆ ಬಂದಾಗ ಒಂದು ಮರ ತೆಗೆದ. ಮತ್ತೆ ಸಾಲದೆ ಬಂದಾಗ ಎರಡು ಮರ. ಮರ ಹಾಕುವವನು ಬಂದು ಜಗಳವಾಡಿದ. "ನನ್ನ ಮರಕ್ಕೆ ಏನು ಬಂತು ರೋಗ?" "ನಿನ್ನ ಮರ ಓಟು ಹಾಕುತ್ತಾ?" ಎಂದ ಸ್ಕೇಲಣ್ಣ. ನಾಲ್ಕು ಜನ ಮರ್ಯಾದೆ ಕೊಡಲು ಶುರುಮಾಡಿದರೆ ಮನುಷ್ಯನ ಮಾತೇ ಬದಲಾಗುತ್ತದೆ. ಓಣಿಯಲ್ಲಿ ಈಗ ಅವನು ನಡೆದರೆ ಜನ ಎದ್ದು ನಿಲ್ಲುತ್ತಿದ್ದರು. ಕ್ಷೌರಿಕ ಅವನಿಗೆ ಹೊಸ ಬ್ಲೇಡು ಹಾಕುತ್ತಿದ್ದ.

ಮನೆಯಲ್ಲಿ ಮಾತ್ರ ಗಂಟು ಮುಖ. ಹೆಂಡತಿ ನಕಲನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. "ಮೇಲ್ಮನೆಯವಳು ಇಷ್ಟು ದೊಡ್ಡದಾಗಿದ್ದಾಳೆ, ನಾನ್ಯಾಕೆ ಇಲಿ ಥರ ಇದ್ದೀನಿ?"

"ನೀನು ದೂರದಲ್ಲಿ ಇದ್ದೀಯ ಕಣೇ. ದೂರ ಇರೋರು ಚಿಕ್ಕದಾಗಿ ಕಾಣ್ತಾರೆ. ಅದು ಶಾಸ್ತ್ರ."

"ಹತ್ರ ಇದ್ರೂ ನಿಮಗೆ ನಾನು ಅಷ್ಟೇ ಕಾಣೋದು," ಎಂದು ಅವಳು ಒಳಗೆ ಹೋದಳು. ಆ ವಾರ ಮನೆಯಲ್ಲಿ ಊಟ ಬಡಿಸಲಾಯಿತು, ಮಾತು ಬಡಿಸಲಿಲ್ಲ.

ಎಲ್ಲರೂ ಕೇಳಿ ಮುಗಿಸಿದ ಮೇಲೆ ಕೊನೆಗೆ ಅಕ್ಕ ಕೇಳಿದಳು. ಕೇಳುವುದು ಅವಳಿಗೆ ಅಭ್ಯಾಸವಿಲ್ಲದ ಕೆಲಸ. ಅವನು ಗೂಡಿನ ಮುಂದೆ ಹಾದುಹೋಗುವಾಗ, ಹರಿದ ಸ್ಕೂಲ್ ಬ್ಯಾಗಿನೊಳಗೆ ತಲೆ ತಗ್ಗಿಸಿಕೊಂಡೇ ಅಂದಳು.

"ನನ್ನನ್ನೂ ಹಾಕ್ತೀಯೇನೋ? ಜಾಗ ಇದ್ರೆ."

ಸ್ಕೇಲಣ್ಣ ನಡೆಯುತ್ತಿದ್ದವನು ನಿಂತ. ಇಷ್ಟು ವರ್ಷದಲ್ಲಿ ಅಕ್ಕ ತನ್ನಿಂದ ಏನನ್ನೂ ಕೇಳಿರಲಿಲ್ಲ. ಅವನೂ ಏನನ್ನೂ ಕೊಟ್ಟಿರಲಿಲ್ಲ, ಅದೂ ನೆನಪಾಯಿತು. "ಜಾಗ ಇದ್ರೆ ಅಂತೀಯಲ್ಲಕ್ಕಾ. ಎಲ್ಲರಿಗಿಂತ ಒಳ್ಳೇ ಜಾಗ ನಿಂದು."

ಮರುದಿನ ಅವನು ಊಟಕ್ಕೂ ಏಳದೆ ಬರೆದ. ಎಲ್ಲಿ ಕೂರಿಸುವುದು? ಅಕ್ಕ ಇಷ್ಟು ಕಾಲ ಕೂತ ಜಾಗದಲ್ಲೇ ಕೂರಿಸಬೇಕು, ಬೇರೆ ಕಡೆ ಅವಳಿಗೆ ಒಗ್ಗುವುದಿಲ್ಲ. ಅಲ್ಲಿ ಹೊಸದಾಗಿ ಒಂದು ಬೆಂಚು ಹಾಕಿದ. ಒರಗಿಕೊಳ್ಳಲು ಬೆನ್ನು ಇರುವ ಬೆಂಚು. ಅದರ ಮೇಲೆ ಅಕ್ಕ, ಒಬ್ಬಳೇ, ಯಾರೂ ಒತ್ತದ ಹಾಗೆ. ಹೆಗಲ ಮೇಲೆ ಶಾಲು. ಎರಡೂ ಕೈ ಮಡಿಲಲ್ಲಿ, ಸುಮ್ಮನೆ. ಸೂಜಿ ಇಲ್ಲ, ದಾರ ಇಲ್ಲ, ಹರಿದ ಬ್ಯಾಗಿಲ್ಲ. ಜೀವನದಲ್ಲಿ ಒಂದು ಸಲವಾದರೂ ನನ್ನ ಅಕ್ಕ ಸುಮ್ಮನೆ ಕೂರಲಿ ಅಂತ ಅವನ ಆಸೆ. ಮುಖ ಎಷ್ಟು ಚೆನ್ನಾಗಿ ಬಂತೆಂದರೆ ಬರೆಯುತ್ತಾ ಅವನ ಕಣ್ಣು ಮಂಜಾಯಿತು.

ಒಂದೇ ಒಂದು ಕೊರತೆ ಉಳಿಯಿತು. ಸರ್ವೆಯವರು ಹಾಕಿದ್ದ ಗೂಡಿನ ಚುಕ್ಕಿಗೆರೆ ಸರಿಯಾಗಿ ಅಕ್ಕನ ಮೊಣಕಾಲಿನ ಮೇಲೆ ಹಾದುಹೋಗುತ್ತಿತ್ತು. ಅಕ್ಕನಿಗೆ ಸೊಳ್ಳೆ ಕಚ್ಚಿ ಗಂಧೆ ಎದ್ದ ಹಾಗೆ ಕಾಣುತ್ತಿತ್ತು. ಇಷ್ಟು ಒಳ್ಳೆಯ ಚಿತ್ರಕ್ಕೆ ಅದೊಂದು ಕಲೆ. ಸ್ಕೇಲಣ್ಣ ರಬ್ಬರ್ ತೆಗೆದುಕೊಂಡು ಮೆಲ್ಲಗೆ, ಅಕ್ಕನಿಗೆ ನೋವಾಗದ ಹಾಗೆ, ಆ ಚುಕ್ಕಿಗಳನ್ನು ಒರೆಸಿದ. ಪುಡಿಯನ್ನು ಊದಿ ಹಾರಿಸಿದ. ಸ್ವಾಮೀ, ಈ ಲೋಕದಲ್ಲಿ ದ್ವೇಷದಿಂದ ಆದ ಅನಾಹುತಗಳಿಗೆ ಲೆಕ್ಕವಿದೆ, ಪ್ರೀತಿಯಿಂದ ಆದವುಗಳಿಗೆ ಇಲ್ಲ.

ನಕಲು ನೋಡಿ ಅಕ್ಕ ನಕ್ಕಳು. "ಇವಳ್ಯಾರೋ ಸಾಹುಕಾರ್ತಿ?" ಎಂದಳು. ಆಮೇಲೆ, "ನನ್ನ ಗೂಡು ಎಲ್ಲಿ ಇದ್ರಲ್ಲಿ?" ಎಂದಳು.

"ಪಾರ್ಕಲ್ಲಿ ಯಾರಾದ್ರೂ ಕೆಲ್ಸ ಮಾಡ್ತಾರಾ ಅಕ್ಕಾ? ಆರಾಮಾಗಿ ಕೂತ್ಕೋ."

ತಮ್ಮ ಓದಿದವನು, ಅವನಿಗೆ ಗೊತ್ತಿರುತ್ತದೆ ಅಂತ ಅಕ್ಕ ಮತ್ತೆ ಕೇಳಲಿಲ್ಲ. ನಕಲನ್ನು ಮಡಚಿ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡಳು.

ಹಾಳೆ ಸಹಿಗೆ ಸಾಹೇಬರ ಕೋಣೆಗೆ ಹೋಗುವ ದಿನ ಸ್ಕೇಲಣ್ಣ ಮೆಟ್ಟಿಲ ಬಳಿಯಿಂದಲೇ ಎರಡು ಸಲ ಹಿಂದಿರುಗಿದ. ಮೂರು-ನಾಲ್ಕು ಜನ ಇರಬೇಕಾದ ನಕ್ಷೆಯಲ್ಲಿ ಇಡೀ ಓಣಿ ಇದೆ, ಅದರಲ್ಲಿ ಒಬ್ಬಳು ಸತ್ತವಳು. ಇಂದು ಕೆಲಸ ಹೋಯಿತು ಅಂತಲೇ ಅವನು ಒಳಗೆ ಹೋದದ್ದು. ಕೋಣೆಯಲ್ಲಿ ಸಾಹೇಬರ ಜೊತೆ ಅವರಿಗಿಂತ ದೊಡ್ಡ ಸಾಹೇಬರೂ ಕೂತಿದ್ದರು. ಇಬ್ಬರೂ ಹಾಳೆಯ ಮೇಲೆ ಬಗ್ಗಿದರು.

"ಇದೇನ್ರೀ ಇಷ್ಟು ಜನ?" ಎಂದರು ದೊಡ್ಡ ಸಾಹೇಬರು.

ಸಾಹೇಬರು ಸ್ಕೇಲಣ್ಣನ ಕಡೆ ನೋಡಿದರು. ಸ್ಕೇಲಣ್ಣ ನೆಲದ ಕಡೆ ನೋಡಿದ. ತಮ್ಮ ಕುರ್ಚಿ ಉಳಿಸಿಕೊಳ್ಳುವ ವಿದ್ಯೆಯಲ್ಲಿ ಸಾಹೇಬರು ಪಳಗಿದವರು. "ಸಾರ್, ಇದು ಜನರ ಪಾಲ್ಗೊಳ್ಳುವಿಕೆ. ಎಲ್ಲಾ ಅಲ್ಲೇ ಇರೋ ನಿಜವಾದ ಜನ. ಒಬ್ಬೊಬ್ಬರನ್ನೂ ಕೇಳಿ ಹಾಕಿಸಿದ್ದೀನಿ," ಎಂದುಬಿಟ್ಟರು.

"ಭೇಷ್. ನಾವು ಬಡವರಿಗೆ ಪಾರ್ಕು ಮಾಡ್ತೀವಿ, ಆದ್ರೆ ಬಡವರನ್ನ ಯಾವತ್ತಾದ್ರೂ ನಕ್ಷೇಲಿ ತೋರ್ಸಿದ್ದೀವಾ?" ದೊಡ್ಡ ಸಾಹೇಬರು ಅಕ್ಕನ ಮೇಲೆ ಬೆರಳಿಟ್ಟರು. "ನೋಡಿ, ಈ ಹೆಂಗಸಿನ ಮುಖದಲ್ಲಿ ಎಂಥಾ ನೆಮ್ಮದಿ." ಪೆನ್ನಿನ ಮುಚ್ಚಳ ತೆಗೆದರು. "ಅಂದ ಹಾಗೆ, ಈ ಜಾಗದಲ್ಲಿ ಈಗ ಏನಾದ್ರೂ ಇದೆಯಾ? ಗುಡಿಸಲು, ಅಂಗಡಿ ಅಂತ ಏನಾದ್ರೂ? ಚುಕ್ಕಿ ಒಂದೂ ಕಾಣ್ತಿಲ್ಲ."

ಕೆಲಸ ಹೋಗಲಿಲ್ಲ ಎಂಬ ಖುಷಿಯಲ್ಲಿ ಸ್ಕೇಲಣ್ಣನ ಕಿವಿ ಮುಚ್ಚಿಕೊಂಡಿತ್ತು. ಪ್ರಶ್ನೆ ಅವನಿಗೆ ಅರ್ಧವೇ ಕೇಳಿಸಿತು. ಸಾಹೇಬರ ಕಣ್ಣು 'ಇಲ್ಲ ಅನ್ನು' ಎಂದು ಹೇಳುತ್ತಿರುವುದು ಮಾತ್ರ ಪೂರ್ತಿ ಕಾಣಿಸಿತು.

"ಏನೂ ಇಲ್ಲ ಸಾರ್," ಎಂದ.

ಸಹಿ ಬಿತ್ತು. ಮೆಟ್ಟಿಲು ಇಳಿಯುವಾಗ ಸ್ಕೇಲಣ್ಣ ಶಿಳ್ಳೆ ಹಾಕುತ್ತಾ ಇಳಿದ. ಅಕ್ಕನ ನೆನಪು ಅವನಿಗೆ ಬಂತು. ದೊಡ್ಡ ಸಾಹೇಬರೇ ಅಕ್ಕನ ಮುಖ ಹೊಗಳಿದ್ದನ್ನು ಸಂಜೆ ಅವಳಿಗೆ ಹೇಳಬೇಕು ಎಂದುಕೊಂಡ, ಹೇಳಿಯೂ ಹೇಳಿದ. ಚುಕ್ಕಿಯ ನೆನಪು ಬರಲಿಲ್ಲ.

ಮಣ್ಣು ತೋಡುವ ಯಂತ್ರ ಬಂದ ದಿನ ಬೆಳಗ್ಗೆ ಗುಂಡಿಯಲ್ಲಿ ಕಂಡ ನೋಟವನ್ನು ಕಂಟ್ರಾಕ್ಟರನ ಮೇಸ್ತ್ರಿ ಸಾಯುವವರೆಗೂ ಮರೆಯಲಾರ. ಓಣಿಯವರಿಗೆ ಹಿಂದಿನ ಸಲದ ಪಾಠ ನೆನಪಿತ್ತು. ನಕ್ಷೆಯಲ್ಲಿ ಇದ್ದರೆ ಸಾಲದು, ನಕ್ಷೆಯಲ್ಲಿ ಇರುವ ಹಾಗೆಯೇ ಇರಬೇಕು. ಯಾರೂ ಬಾಯಿ ಮಾತಿನಲ್ಲಿ ತೀರ್ಮಾನ ಮಾಡಿಕೊಂಡಿದ್ದಲ್ಲ. ಆದರೂ ಬೆಳಕು ಹರಿಯುವ ಹೊತ್ತಿಗೆ ಅಷ್ಟೂ ಜನ ಕಸದ ರಾಶಿಯ ನಡುವೆ ತಮ್ಮ ತಮ್ಮ ಜಾಗಕ್ಕೆ ಬಂದು ನಿಂತಿದ್ದರು, ಕೈಯಲ್ಲಿ ನಕಲಿನ ನಕಲು ಹಿಡಿದುಕೊಂಡು.

ಕ್ಷೌರಿಕ ಎಣ್ಣೆಯ ಡಬ್ಬದ ಮೇಲೆ ಕೂತು ಕಾಲ ಮೇಲೆ ಕಾಲು ಹಾಕಿ ಪೇಪರ್ ಹಿಡಿದಿದ್ದ. ತಲೆಕೆಳಗಾಗಿ ಹಿಡಿದಿದ್ದ, ಅದನ್ನು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮೇಲ್ಮನೆಯವಳು, ಕೆಳಮನೆಯವಳು ಬೆನ್ನಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತಿದ್ದರು. ಬೆಂಚು ಇಲ್ಲದ್ದರಿಂದ ಒಬ್ಬರಿಗೊಬ್ಬರು ಒರಗಿಕೊಳ್ಳದೆ ಗತಿ ಇರಲಿಲ್ಲ. ಕಂಡಕ್ಟರ್ ತಾತ ಒಂದು ಕಲ್ಲಿನ ಮೇಲೆ ಕೂತು, ಎಡಗಡೆ ಒಬ್ಬರ ಜಾಗ ಖಾಲಿ ಬಿಟ್ಟಿದ್ದ. ಯಾರಾದರೂ ಅಲ್ಲಿ ಕೂರಲು ಬಂದರೆ ಕೈಯಲ್ಲೇ ಬೇಡ ಅನ್ನುತ್ತಿದ್ದ. ದೂರದ ಮೂಲೆಯಲ್ಲಿ ಸ್ಕೇಲಣ್ಣನ ಹೆಂಡತಿ. ಚಿಕ್ಕದಾಗಿ ಕಾಣಬೇಕೆಂದು ಮೊಣಕಾಲು ಮಡಚಿ ಕುಕ್ಕರಗಾಲಲ್ಲಿ ಇದ್ದಳು.

ಅಕ್ಕ ತನ್ನ ಗೂಡಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದಳು. ಶಾಲು ಹೊದ್ದು, ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು. ಕೈಗೆ ಆ ಕೆಲಸ ಗೊತ್ತಿರಲಿಲ್ಲ. ಬೆರಳುಗಳು ಆಗಾಗ ದಾರ ಎಳೆಯುವ ಹಾಗೆ ಆಡುತ್ತಿದ್ದವು, ಅವಳು ಒಂದನ್ನು ಇನ್ನೊಂದರಿಂದ ಅದುಮಿ ಹಿಡಿಯುತ್ತಿದ್ದಳು.

ಮೇಸ್ತ್ರಿ ನಕ್ಷೆ ಬಿಚ್ಚಿದ. ಒಮ್ಮೆ ಹಾಳೆ ನೋಡಿದ, ಒಮ್ಮೆ ಜನರನ್ನು ನೋಡಿದ. "ಪಾರ್ಕು ಆಗ್ಲೇ ಮುಗ್ದಿರೋ ಹಾಗಿದೆಯಲ್ಲ," ಎಂದು ಗೊಣಗಿದ. ಪಾಪ, ಕೆಟ್ಟವನಲ್ಲ. ಒಬ್ಬೊಬ್ಬರ ಮುಂದೆಯೂ ನಿಂತು ಹಾಳೆಗೆ ಹೋಲಿಸಿ ತಲೆ ಆಡಿಸಿದ. ತಾತನ ಎಡಗಡೆಯ ಖಾಲಿ ಜಾಗ ನೋಡಿ, "ಇಲ್ಲಿ ಒಬ್ರು ಇರ್ಬೇಕಲ್ಲ?" ಎಂದ. "ಇದ್ದಾಳೆ," ಎಂದ ತಾತ. ಮೇಸ್ತ್ರಿ ಮುಂದೆ ಹೋದ.

ಅಕ್ಕನ ಮುಂದೆ ಬಂದು ಅವನು ಹಾಳೆಯನ್ನು ಎರಡು ಸಲ ನೋಡಿದ.

"ಅಮ್ಮಾ, ನೀವಿದ್ದೀರಿ, ಸರಿ. ನಿಮ್ಮ ಹಿಂದೆ ಈ ತಗಡು ಏನು?"

"ನನ್ನ ಅಂಗಡಿ."

"ನಕ್ಷೇಲಿಲ್ಲ."

ಆ ಮಾತು ಓಣಿಯವರಿಗೆ ಪರಿಚಯದ್ದು. ಎಲ್ಲ ತಲೆಗಳೂ ತಿರುಗಿದವು. ಅಕ್ಕ ಡಬ್ಬಿ ತೆಗೆದು ತನ್ನ ನಕಲು ಬಿಚ್ಚಿ ತೋರಿಸಿದಳು. "ನೋಡಿ ಇಲ್ಲಿ. ನಾನಿದ್ದೀನಲ್ಲ."

"ಇದ್ದೀರಿ. ಕೂತಿದ್ದೀರಿ. ಕೂತ್ಕೊಳ್ಳಿ, ಯಾರು ಬೇಡ ಅಂತಾರೆ? ಅಂಗಡಿ ಎಲ್ಲಿದೆ ಇದ್ರಲ್ಲಿ?"

ಅಕ್ಕ ಜನರ ನಡುವೆ ತಮ್ಮನನ್ನು ಹುಡುಕಿದಳು. ಸ್ಕೇಲಣ್ಣ ಅಲ್ಲೇ ಇದ್ದ. ನಕ್ಷೆಯಲ್ಲಿ ಅವನಿಗೆ ಜಾಗ ಇರಲಿಲ್ಲವಾದ್ದರಿಂದ ಎಲ್ಲಿ ನಿಲ್ಲುವುದು ಅಂತ ತಿಳಿಯದೆ ಅತ್ತಿಂದಿತ್ತ ಓಡಾಡುತ್ತಿದ್ದ.

"ಹೇಳೋ," ಎಂದಳು ಅಕ್ಕ. "ಚುಕ್ಕಿ ಇದೆ ಅಂದಿದ್ಯಲ್ಲ. ತೋರ್ಸು ಇವರಿಗೆ."

ಆಗ ಅವನಿಗೆ ನೆನಪಾಯಿತು. ಮೊಣಕಾಲು, ಸೊಳ್ಳೆ, ರಬ್ಬರು, ಊದಿದ ಪುಡಿ, ಎಲ್ಲ ಒಟ್ಟಿಗೆ ನೆನಪಾಯಿತು. ಜೇಬಿನಿಂದ ಸ್ಕೇಲು ತೆಗೆದ, ಪೆನ್ಸಿಲ್ ತೆಗೆದ, ಮೇಸ್ತ್ರಿಯ ಹಾಳೆಯನ್ನು ಕಸಿದುಕೊಂಡು ತನ್ನ ತೊಡೆಯ ಮೇಲೆ ಹರಡಿ ಅಕ್ಕನ ಸುತ್ತ ಚುಕ್ಕಿ ಇಡಲು ಶುರುಮಾಡಿದ. ಚುಕ್ಕಿಗಳೆಲ್ಲ ಅಡ್ಡಾದಿಡ್ಡಿ ಬಿದ್ದವು.

ಮೇಸ್ತ್ರಿ ಮೆಲ್ಲಗೆ ಹಾಳೆ ಬಿಡಿಸಿಕೊಂಡ. "ಬೇಡಿ ಸಾರ್. ಸಹಿ ಆದ ಮೇಲೆ ಬರ್ದಿದ್ದಕ್ಕೆ ಬೆಲೆ ಇಲ್ಲ. ನಿಮಗೆ ಗೊತ್ತಿಲ್ದೇ ಇರುತ್ತಾ? ನೀವು ಇಂಜಿನಿಯರ್ರು."

ಜೀವನದಲ್ಲಿ ಮೊದಲ ಸಲ ಒಬ್ಬ ಮನುಷ್ಯ ಅವನಿಗೆ ಇಂಜಿನಿಯರ್ ಅಂದ.

"ಅಲ್ಲ," ಎಂದ ಸ್ಕೇಲಣ್ಣ. "ನಾನು ಇಂಜಿನಿಯರ್ ಅಲ್ಲ. ಡಿಸೈನು ನಂದಲ್ಲ. ನಾನು ಬರೀ ಮನುಷ್ಯರನ್ನ ಇಡೋನು." ಅಷ್ಟು ಜನರ ಮುಂದೆ, ಕ್ಷೌರಿಕನ ಮುಂದೆ, ಹೆಂಡತಿಯ ಮುಂದೆ ಗಟ್ಟಿಯಾಗಿ ಹೇಳಿದ. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿ ಇತ್ತು.

ಓಣಿಯವರು ಎದ್ದು ಬಂದು ಯಂತ್ರಕ್ಕೆ ಅಡ್ಡ ನಿಲ್ಲಬಹುದಿತ್ತು. ಯಾರೂ ಕೆಟ್ಟವರಲ್ಲ, ಎಲ್ಲರ ಬ್ಯಾಗೂ ಅಕ್ಕ ಹೊಲಿದದ್ದೇ. ಆದರೆ ಎದ್ದರೆ ನಕ್ಷೆಯಲ್ಲಿನ ಜಾಗ ಬಿಟ್ಟ ಹಾಗಾಗುತ್ತದೆ. ಹಾಗಾಗಿ ಎಲ್ಲರೂ ತಮ್ಮ ತಮ್ಮ ಜಾಗದಲ್ಲೇ, ಬರೆದ ಹಾಗೆಯೇ ಕೂತು ನೋಡಿದರು. ಕ್ಷೌರಿಕ ಮಾತ್ರ ಪೇಪರನ್ನು ಮುಖದ ಮೇಲಕ್ಕೆ ಎತ್ತಿಕೊಂಡ. ತಗಡು ಮಡಚಿಕೊಳ್ಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಕ್ಕ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಸ್ಟೂಲಿನ ಮೇಲೆ ಕೂತೇ ಇದ್ದಳು.

ಪಾರ್ಕು ಆಯಿತು. ಕಬ್ಬಿಣದ ಬೇಲಿ, ಬೀಗದ ಗೇಟು, ಶಿಳ್ಳೆ ಹಿಡಿದ ಕಾವಲುಗಾರ. ಓಣಿಯವರು ಕೆಲಸಕ್ಕೆ ಹೋದ ಮೇಲೆ ತೆರೆಯುತ್ತದೆ, ಕೆಲಸದಿಂದ ಬರುವ ಮೊದಲು ಮುಚ್ಚುತ್ತದೆ. ಜನರಿಗೆ ಜಾಗ ಮಾಡಲು ನಕ್ಷೆಯಿಂದ ತೆಗೆದ ಮರಗಳನ್ನು ನೆಲದಲ್ಲೂ ನೆಡಲಿಲ್ಲ, ಹಾಗಾಗಿ ಅಲ್ಲಿ ಮರಗಳೂ ಇಲ್ಲ, ಜನರೂ ಇಲ್ಲ. ಬೆಂಚುಗಳು ಮಾತ್ರ ಸ್ಕೇಲಣ್ಣ ಬರೆದ ಜಾಗದಲ್ಲೇ, ಕೂದಲೆಳೆಯಷ್ಟೂ ಆಚೀಚೆ ಆಗದೆ ಇವೆ. ಕಂಟ್ರಾಕ್ಟರ್ ಪ್ರಾಮಾಣಿಕ ಮನುಷ್ಯ.

ಅಕ್ಕ ಮಾತ್ರ ದಿನವೂ ಬಂದು ಕೂರುತ್ತಿದ್ದಳು. ಬೇರೆ ಎಲ್ಲಿ ಹೋಗುವುದು? ಮನೆಯ ಕೋಣೆಯಲ್ಲಿ ಸೂಜಿಗೆ ದಾರ ಪೋಣಿಸುವಷ್ಟು ಬೆಳಕಿಲ್ಲ, ಗಿರಾಕಿಗಳು ಗೂಡು ಕಾಣದೆ ಬೇರೆ ಕಡೆ ಹೋದರು. ಒಂದು ದಿನ ಬೆಂಚಿನ ಮೇಲೆ ತನ್ನ ಶಾಲಿನ ಅಂಚನ್ನೇ ಹೊಲಿಯಲು ಸೂಜಿ ತೆಗೆದಿದ್ದಕ್ಕೆ ಕಾವಲುಗಾರ ಶಿಳ್ಳೆ ಊದಿದ್ದ. ಪಾರ್ಕಿನಲ್ಲಿ ಕೆಲಸ ಮಾಡುವ ಹಾಗಿಲ್ಲ, ಫಲಕದಲ್ಲಿ ಬರೆದಿದೆ. ಅಂದಿನಿಂದ ಎರಡೂ ಕೈ ಮಡಿಲಲ್ಲಿ, ಸುಮ್ಮನೆ.

ಸ್ಕೇಲಣ್ಣ ಅವಳ ಎದುರು ಬರಲು ತಿಂಗಳುಗಳೇ ಹಿಡಿದವು. ಮನೆಗೆ ಹೋದಾಗಲೆಲ್ಲ ಅವಳು ಬಾಗಿಲು ತೆಗೆದಿರಲಿಲ್ಲ. ಒಂದು ಮಧ್ಯಾಹ್ನ ರಜೆ ಹಾಕಿ ಪಾರ್ಕಿಗೆ ಬಂದ. ಜೇಬಿನಲ್ಲಿ ಸ್ಕೇಲು ಇರಲಿಲ್ಲ. ಅಕ್ಕನ ಪಕ್ಕ, ಬೆಂಚಿನ ತುದಿಯಲ್ಲಿ ಮೆಲ್ಲಗೆ ಕೂತ. ಬಿಸಿಲಿಗೆ ಬೆಂಚು ಕಾದಿತ್ತು.

"ಚೆನ್ನಾಗೇ ಬರ್ದಿದ್ದೆ ಕಣೋ," ಎಂದಳು ಅಕ್ಕ. ತನ್ನ ಕೈಗಳನ್ನೇ ನೋಡುತ್ತಿದ್ದಳು. "ಎಲ್ಲಾ ಹಾಗೇ ಇದೆ."

"ಅಕ್ಕಾ..."

"ಎದ್ದೇಳು."

"ಯಾಕಕ್ಕಾ?"

"ನಕ್ಷೇಲಿ ಈ ಬೆಂಚಿನ ಮೇಲೆ ನಾನೊಬ್ಬಳೇ ಇರೋದು."

ಸ್ಕೇಲಣ್ಣ ಎದ್ದ. ಅಕ್ಕ ತಲೆ ಎತ್ತಲಿಲ್ಲ. ಅಷ್ಟು ದೊಡ್ಡ ಪಾರ್ಕಿನಲ್ಲಿ ಅವನು ತನಗೆಂದು ಎಲ್ಲೂ ಜಾಗ ಬರೆದುಕೊಂಡಿರಲಿಲ್ಲ, ಗೇಟಿನ ಕಡೆ ನಡೆದ.